ಬಾಡಿಗೆ ಮನೆಗೆ ಎಷ್ಟು ದುಡ್ಡು, ಎಷ್ಟು ಹೊತ್ತು: ನನ್ನ ಅನುಭವ

ಬೆಂಗಳೂರಿನಲ್ಲಿ ನಮ್ಮದು 30×40 ಸೈಟಿನ ಮನೆ. ಮೇಲೆ ನಾವಿದ್ದೇವೆ, ಕೆಳಗಿನ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಜೊತೆಗೆ ಸಾಲ ಮಾಡಿ ತಗೊಂಡ ಒಂದು ಫ್ಲಾಟ್ ಇದೆ. ಮೂರನ್ನೂ ನೋಡಿಕೊಳ್ಳುವುದು ನಾನೇ. "ನಿಮಗೇನ್ರೀ, ಕೂತಲ್ಲಿಗೇ ಬಾಡಿಗೆ ಬರುತ್ತೆ" ಅಂತಾರೆ ಪರಿಚಯದವರು, ಆಮೇಲೆ ತಾವೂ ಒಂದು ಫ್ಲಾಟ್ ತಗೊಳ್ಳಬಹುದಾ ಅಂತ ಕೇಳುತ್ತಾರೆ. ಅವರಿಗೆ ಹೇಳುವ ಲೆಕ್ಕವನ್ನೇ ಇಲ್ಲೂ ಬರೆಯುತ್ತೇನೆ.

65 ಲಕ್ಷದ ಫ್ಲಾಟು, ತಿಂಗಳಿಗೆ 20,000 ಬಾಡಿಗೆ ಅಂದುಕೊಳ್ಳಿ. ವರ್ಷಕ್ಕೆ 2.4 ಲಕ್ಷ. ಹಾಕಿದ ದುಡ್ಡಿಗೆ ಶೇ 3.7 ಬಂದ ಹಾಗಾಯಿತು, ಅದೂ ಖರ್ಚು ಕಳೆಯುವ ಮೊದಲು. ಅದರಲ್ಲಿ 50 ಲಕ್ಷ ಸಾಲ ಮಾಡಿದ್ದು, ಬಡ್ಡಿ ಶೇ 8.5, ಅವಧಿ 20 ವರ್ಷ ಅಂದರೆ ಇಎಂಐ ಸುಮಾರು 43,400. ಬಾಡಿಗೆ ಪೂರ್ತಿ ಸುರಿದರೂ ತಿಂಗಳಿಗೆ 23,000ಕ್ಕಿಂತ ಜಾಸ್ತಿ ಸಂಬಳದಿಂದ ಕೊಡಬೇಕು. ನೋಂದಣಿ ಖರ್ಚು ಬೇರೆ. ಬಾಡಿಗೆಯಲ್ಲೇ ಸಾಲ ತೀರುತ್ತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಈ ಲೆಕ್ಕ ಒಮ್ಮೆ ಹಾಕಿ ನೋಡಿ.

ಇನ್ನೊಂದು, ವರ್ಷಕ್ಕೆ ಹನ್ನೆರಡು ತಿಂಗಳ ಬಾಡಿಗೆ ಅಂತ ಎಣಿಸಬೇಡಿ. ನಾನು ಹತ್ತೇ ಎಣಿಸುವುದು. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಹೋಗುತ್ತದೆ. ಇನ್ನೊಂದು ತಿಂಗಳದ್ದು ರಿಪೇರಿಗೆ, ಮನೆ ಕಂದಾಯಕ್ಕೆ. ಕಂದಾಯವನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿಬಿಡಿ, ಶೇ 5 ರಿಯಾಯಿತಿ ಸಿಗುತ್ತದೆ. ಆದಾಯ ತೆರಿಗೆಗೂ ಆ ರಸೀದಿ ಬೇಕು. ಬಾಡಿಗೆಯಿಂದ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ರಿಪೇರಿ ಗಿಪೇರಿ ಅಂತ ಸುಮ್ನೆ ಬಿಡುತ್ತಾರೆ, ಬಿಲ್ ಕೇಳುವುದಿಲ್ಲ. ಸಾಲದ ಬಡ್ಡಿಯನ್ನೂ ಕಳೆಯಬಹುದು.

ಅಡ್ವಾನ್ಸ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ತಗೊಳ್ಳುವುದು ಮೊದಲಿಂದ ಬಂದ ರೂಢಿ, ಈಗ ಐದಾರು ತಿಂಗಳದ್ದಕ್ಕೆ ಒಪ್ಪುವವರೂ ಇದ್ದಾರೆ. ಎಷ್ಟೇ ಇರಲಿ, ಅದು ನಮ್ಮ ದುಡ್ಡಲ್ಲ. ನಾನು ಬಂದ ದಿನವೇ ಎಫ್‌ಡಿಗೆ ಹಾಕುತ್ತೇನೆ. ಎಷ್ಟೋ ಓನರುಗಳು ಅದನ್ನು ಮಗಳ ಮದುವೆಗೋ ಕಾರಿಗೋ ಖರ್ಚು ಮಾಡಿರುತ್ತಾರೆ, ಖಾಲಿ ಮಾಡುವವರು ಕೇಳಿದಾಗ ಹೊಸಬರು ಬರಲಿ ಕೊಡ್ತೀನಿ ಅನ್ನುತ್ತಾರೆ, ಆ ಗಡಿಬಿಡಿಯಲ್ಲಿ ಬಂದವರಿಗೆ ಹಿಂದೆ ಮುಂದೆ ನೋಡದೆ ಕೀ ಕೊಟ್ಟುಬಿಡುತ್ತಾರೆ. ಎರಡು ಕಡೆಯವರಿಗೂ ಅದು ಅನ್ಯಾಯ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಲ್ವಾ, ಅದನ್ನೂ ನಿಜವಾಗಿ ಪೇಂಟ್ ಮಾಡಿಸುವುದಾದರೆ ಮಾತ್ರ ಹಿಡಿಯಬೇಕು.

ಈಗ ಹೊತ್ತಿನ ವಿಷಯ. ಎಲ್ಲ ಸರಿಯಿರುವ ತಿಂಗಳು ಬಾಡಿಗೆ ಬಂತಾ ಅಂತ ನೋಡಿದರೆ ಮುಗಿಯಿತು. ಹೊತ್ತು ತಿನ್ನುವುದು ಮನೆ ಬದಲಾಗುವ ತಿಂಗಳು. ಖಾಲಿ ಮಾಡುವ ದಿನ ಸಾಮಾನು ಲಾರಿಗೆ ಏರುವ ಮೊದಲೇ ಅವರನ್ನು ಜೊತೆಗಿಟ್ಟುಕೊಂಡು ಒಂದೊಂದು ರೂಮೂ ನೋಡುತ್ತೇನೆ. ನಲ್ಲಿಗಳನ್ನು ತಿರುಗಿಸುವುದು, ಗೀಸರ್ ಹಾಕಿ ಬಿಸಿ ನೀರು ಬರುತ್ತಾ ನೋಡುವುದು, ಸಿಂಕಿನ ಕೆಳಗೆ ಕೈಯಾಡಿಸಿ ಒದ್ದೆಯಿದೆಯಾ ಅಂತ ಪರೀಕ್ಷಿಸುವುದು, ಕರೆಂಟ್ ಮೀಟರಿನ ಫೋಟೊ, ಬಾಕಿ ಬಿಲ್ಲು, ಕೀಗಳ ಲೆಕ್ಕ. ಆಮೇಲೆ ಪೇಂಟರ್, ಪ್ಲಂಬರ್, ಮನೆ ನೋಡಲು ಬರುವವರ ಫೋನು. ಒಪ್ಪಿದ ಮೇಲೆ 11 ತಿಂಗಳ ಕರಾರು ಪತ್ರ.

ಅತಿ ಹೆಚ್ಚು ತಲೆ ತಿಂದದ್ದು ಬಾತ್‌ರೂಮ್ ಸೋರಿಕೆ. "ಆಂಟಿ, ಸೀಲಿಂಗಲ್ಲಿ ತೇವ ಕಾಣ್ತಿದೆ" ಅಂತ ಕೆಳಗಿನ ಮನೆ ಹುಡುಗಿ ಹೇಳಿದಳು. ನೀರು ಬರುತ್ತಿದ್ದದ್ದು ಅವಳ ಮೇಲಿನ ಬಾಡಿಗೆ ಮನೆಯಿಂದ. ಅಲ್ಲಿ ಟೈಲ್ಸ್ ಸಂದಿನ ಗ್ರೌಟ್ ಕಿತ್ತುಹೋಗಿತ್ತು. ಕೆಲಸ ದೊಡ್ಡದಲ್ಲ, ಆದರೆ ಆ ಮನೆಯವರಿಬ್ಬರೂ ಕೆಲಸಕ್ಕೆ ಹೋಗುವವರು, ಪ್ಲಂಬರ್ ಭಾನುವಾರ ಬರಲ್ಲ, ಗ್ರೌಟ್ ಒಣಗುವವರೆಗೆ ಬಾತ್‌ರೂಮ್ ಬಳಸೋ ಹಾಗಿಲ್ಲ. ಎರಡು ಮನೆಯವರನ್ನೂ ಒಪ್ಪಿಸಿ ದಿನ ಗೊತ್ತು ಮಾಡುವುದೇ ನಿಜವಾದ ಕೆಲಸವಾಗಿತ್ತು.

2024ರ ಬೇಸಿಗೆಯಲ್ಲಿ ನೀರಿನದೇ ಓಡಾಟ. 6,000 ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗಾದರೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಗೊತ್ತು ಮಾಡಿತ್ತು, ಆದರೂ ಫೋನ್ ಮಾಡಿ ಟ್ಯಾಂಕರ್ ಹಿಡಿಯುವುದು, ಸಂಪು ತುಂಬುವವರೆಗೆ ಗೇಟಿನಲ್ಲಿ ನಿಲ್ಲುವುದು ಓನರೇ ಅಲ್ವಾ.

ಫ್ಲಾಟಿನಲ್ಲಿ ಈ ತಾಪತ್ರಯ ಕಡಿಮೆ. ನೀರು, ಲಿಫ್ಟು, ಕಸ ಅಸೋಸಿಯೇಷನ್ ನೋಡಿಕೊಳ್ಳುತ್ತದೆ. ಕೆಲಸಕ್ಕೆ ಹೋಗುವವರು ಕೊಳ್ಳುವುದಾದರೆ ಫ್ಲಾಟೇ ವಾಸಿ, ಅದೂ ಮನೆಯಿಂದ ಅರ್ಧ ಗಂಟೆಯೊಳಗೆ ತಲುಪುವಂಥದ್ದು. ಊರಾಚೆ ಅಗ್ಗಕ್ಕೆ ಸಿಗುತ್ತೆ ಅಂತ ಹೊರಡುವ ಮೊದಲು ಅದೇ ಬೀದಿಯಲ್ಲಿ ಟು-ಲೆಟ್ ಬೋರ್ಡುಗಳು ಎಷ್ಟು ನೇತಾಡುತ್ತಿವೆ ನೋಡಿ, ಅದರಲ್ಲಿರೋ ನಂಬರಿಗೆ ಫೋನ್ ಮಾಡಿ ಮನೆ ಯಾವಾಗಿಂದ ಖಾಲಿ ಇದೆ ಅಂತ ಕೇಳಿ.