ಚುಕ್ಕೆ ಕುದುರೆಯೋ, ಚುಕ್ಕೆ ಪೋನಿಯೋ? ಗುರುತಿಸುವುದು ಹೀಗೆ

ಮೈತುಂಬ ಚುಕ್ಕೆ ಇದ್ದರೆ ಅಪಲೂಸ ಎಂಬ ಅಮೆರಿಕದ ತಳಿ, ಗಿಡ್ಡಗಿದ್ದರೆ ಅದರ ಮರಿ. ಅಮೆರಿಕದ ಕುದುರೆ ಮೇಳಗಳಲ್ಲಿ ಹೀಗೆ ತೀರ್ಪು ಕೊಡುವವರನ್ನು ನೋಡಿ ನೋಡಿ ಸಾಕಾಗಿದೆ. ಪೋನಿ ಮರಿಯಲ್ಲ. ಪೂರ್ತಿ ಬೆಳೆದ ಮೇಲೂ ಗಿಡ್ಡಗೇ ಇರುವ ತಳಿ. ಫೋಟೊ ಹಾಕಿದರೆ ತಳಿ ಹೇಳುವ ಆ್ಯಪ್‌ಗಳನ್ನಂತೂ ನಂಬಲೇಬೇಡಿ. ಫೋಟೊದಲ್ಲಿ ಚುಕ್ಕೆ ಕಾಣುತ್ತದೆ, ಎತ್ತರ ಕಾಣುವುದಿಲ್ಲ.

ಹೆಜ್ಜೆ 1: ಅದು ಚುಕ್ಕೆಯೇ ಹೌದಾ ನೋಡಿ. ದೊಡ್ಡ ದೊಡ್ಡ ಬಿಳಿ ತೇಪೆಗಳಿದ್ದರೆ ಅದು ಪಿಂಟೊ ಎಂಬ ಬೇರೆಯೇ ಬಣ್ಣದ ಬಗೆ. ನಮ್ಮ ಪಂಚಕಲ್ಯಾಣಿಯ ಬಿಳಿ ಕಾಲು, ಬಿಳಿ ಹಣೆಯೂ ಈ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 2: ಹತ್ತಿರ ಹೋಗಿ ಚರ್ಮ ನೋಡಿ. ಮೂತಿಯ ಸುತ್ತ, ಕಣ್ಣಿನ ಸುತ್ತ, ಬಾಲದಡಿಯಲ್ಲಿ ಗುಲಾಬಿ ಮತ್ತು ಕಪ್ಪು ಕಲಸಿಕೊಂಡಂತೆ ಸಣ್ಣ ಸಣ್ಣ ಕಲೆಗಳಿರುತ್ತವೆ. ಮನುಷ್ಯರ ಕಣ್ಣಿನ ಹಾಗೆ ಕಣ್ಣುಗುಡ್ಡೆಯ ಸುತ್ತ ಬಿಳಿ ಕಾಣುತ್ತದೆ. ಗೊರಸಿನ ಮೇಲೆ ಮೇಲಿಂದ ಕೆಳಕ್ಕೆ ಗೆರೆಗಳಿರುತ್ತವೆ. ಆದರೆ ಕಾಲು ಬಿಳಿಯಿದ್ದರೆ ಗೊರಸಿನ ಗೆರೆಯನ್ನು ಲೆಕ್ಕಕ್ಕೆ ತಗೋಬೇಡಿ. ಮುಖ ಬಿಳಿಯಿದ್ದರೆ ಕಣ್ಣಿನ ಬಿಳಿಯನ್ನೂ ಅಷ್ಟೇ. ನಾನು ಜಾಸ್ತಿ ನಂಬುವುದು ಚರ್ಮವನ್ನು. ಗೊರಸಿಗೆ ಕಪ್ಪು ಪಾಲಿಶ್ ಬಳಿದು ಮಾರಾಟಕ್ಕೆ ನಿಲ್ಲಿಸುವವರಿದ್ದಾರೆ, ಮೊದಲು ಅದನ್ನು ಒರೆಸಲು ಹೇಳಿ.

ಇಷ್ಟಾದರೂ ಗೊತ್ತಾಗುವುದು ಚುಕ್ಕೆಯ ಜೀನ್ ಇದೆ ಅಂತ ಮಾತ್ರ. ಕುದುರೆಗೂ ಪೋನಿಗೂ ಇವೇ ಗುರುತುಗಳು.

ಹೆಜ್ಜೆ 3: ಎತ್ತರ ಅಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ತಲೆಯವರೆಗೆ ಅಳೆಯಬಾರದು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಎಲುಬಿನ ಉಬ್ಬು ಕೈಗೆ ಸಿಗುತ್ತದೆ, ಅದರ ತುದಿಯವರೆಗೆ ಅಳೆಯಬೇಕು. ಹುಲ್ಲು, ಮಣ್ಣು ಬೇಡ, ಸಮತಟ್ಟಾದ ಸಿಮೆಂಟ್ ನೆಲ ಬೇಕು. ಮುಂಗಾಲೆರಡೂ ಜೋಡಿಯಾಗಿ ನೆಟ್ಟಗಿರಲಿ. ತಲೆ ಸಹಜವಾಗಿರಲಿ, ಅದು ಏರಿಳಿದರೆ ಅಳತೆಯೂ ಬದಲಾಗುತ್ತದೆ. ಬಟ್ಟೆಯ ಟೇಪ್ ಮೈಯ ಉಬ್ಬಿಗೆ ಅಂಟಿಕೊಂಡು ಎತ್ತರವನ್ನು ಸುಮ್ನೆ ಹೆಚ್ಚಿಸುತ್ತದೆ. ಅಡ್ಡಪಟ್ಟಿಯಿರುವ ಅಳತೆಕೋಲೇ ಸರಿ. ಅಡ್ಡಪಟ್ಟಿಯಲ್ಲಿ ನೀರ್ಮಟ್ಟ ಇಲ್ಲದ ಅಗ್ಗದ ಕೋಲಿಗೆ ದುಡ್ಡು ಸುರಿಯಬೇಡಿ. ಲಾಳ ಇದ್ದರೆ ಅದರ ದಪ್ಪವನ್ನೂ ಕಳೆಯಿರಿ.

ಇನ್ನು ಲೆಕ್ಕ. ಕುದುರೆಯ ಎತ್ತರವನ್ನು ಹ್ಯಾಂಡ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಹ್ಯಾಂಡ್ ಅಂದರೆ 4 ಇಂಚು. 14.2 ಹ್ಯಾಂಡ್ ಅಂದರೆ 14 ಹ್ಯಾಂಡ್ ಮೇಲೆ 2 ಇಂಚು, ಒಟ್ಟು 58 ಇಂಚು. 14.3 ಆದ ಮೇಲೆ ಬರುವುದು 15. '14.5 ಹ್ಯಾಂಡ್ ಇದೆ' ಎಂದು ಯಾರಾದರೂ ಮಾರಲು ಬಂದರೆ ಅವರು ಅಳೆದೇ ಇಲ್ಲ ಅಂತ ಅರ್ಥ. ಸಾಮಾನ್ಯವಾಗಿ 14.2ರವರೆಗೆ ಪೋನಿ, ಅದಕ್ಕಿಂತ ಮೇಲೆ ಕುದುರೆ. ಐದಾರು ವರ್ಷ ತುಂಬದ ಪ್ರಾಣಿ ಇನ್ನೂ ಬೆಳೆಯಬಹುದು.

ಹೆಜ್ಜೆ 4: ಈಗ ತಳಿ. ಅಪಲೂಸ ಅಮೆರಿಕದ ನೆಜ್ ಪರ್ಸ್ ಬುಡಕಟ್ಟಿನವರು ಸಾಕಿ ಬೆಳೆಸಿದ ಕುದುರೆ. 1938ರಲ್ಲಿ ಅದಕ್ಕೊಂದು ಸಂಘವೂ ಆಯಿತು. ಡೆನ್ಮಾರ್ಕಿನ ಚುಕ್ಕೆ ಕುದುರೆ ನಾಬ್‌ಸ್ಟ್ರಪ್ಪರ್‌ನ ಕತೆ 1812ರಲ್ಲಿ ಫ್ಲೇಬೆಹೊಪ್ಪೆನ್ ಎಂಬ ಹೆಣ್ಣು ಕುದುರೆಯಿಂದ ಶುರುವಾಗುತ್ತದೆ. ಇದು ಸಾಮಾನ್ಯವಾಗಿ ಅಪಲೂಸಕ್ಕಿಂತ ಎತ್ತರ, ಆದರೂ ಇದರಲ್ಲಿ ಪೋನಿ ಗಾತ್ರದವೂ ಇವೆ. ಪೋನಿ ಆಫ್ ದಿ ಅಮೆರಿಕಾಸ್ ಎಂಬ ಚುಕ್ಕೆ ಪೋನಿ ತಳಿ ಇತ್ತೀಚಿನದು. ಅರಬ್ ಮತ್ತು ಅಪಲೂಸ ಬೆರೆತ ತಾಯಿಗೂ ಶೆಟ್‌ಲೆಂಡ್ ಪೋನಿಗೂ ಹುಟ್ಟಿದ ಒಂದು ಗಂಡು ಮರಿಯನ್ನು ಅಯೋವಾದ ವಕೀಲ ಲೆಸ್ ಬೂಮ್‌ಹವರ್ ಕೊಂಡರು. ಮೈಮೇಲೆ ಅಂಗೈಯಾಕಾರದ ಕಪ್ಪು ಗುರುತಿದ್ದುದರಿಂದ ಅದಕ್ಕೆ ಬ್ಲ್ಯಾಕ್ ಹ್ಯಾಂಡ್ ಎಂದು ಹೆಸರಿಟ್ಟರು. 1954ರಲ್ಲಿ ತಳಿಯ ಸಂಘ ಕಟ್ಟಿದರು. ಈಗ ಈ ತಳಿಯ ಎತ್ತರ 46ರಿಂದ 56 ಇಂಚಿನೊಳಗೆ ಇರಬೇಕು, ಚುಕ್ಕೆ 40 ಅಡಿ ದೂರದಿಂದ ಕಾಣಬೇಕು.

ಇಲ್ಲೊಂದು ಇಕ್ಕಟ್ಟಿದೆ. ಬೆಳೆದ ಅಪಲೂಸ ಕನಿಷ್ಠ 14 ಹ್ಯಾಂಡ್ ಇರಬೇಕು, ಅಂದರೆ 56 ಇಂಚು. ಅದೇ ಪೋನಿ ಆಫ್ ದಿ ಅಮೆರಿಕಾಸ್‌ನ ಗರಿಷ್ಠ ಎತ್ತರ. 14.1 ಇರುವ ಅಪಲೂಸ ಅಳತೆಯಲ್ಲಿ ಪೋನಿ, ತಳಿಯಲ್ಲಿ ಕುದುರೆ! ಆಗ ಕೋಲು ಬದಿಗಿಟ್ಟು ನೋಂದಣಿ ಕಾಗದ ಕೇಳಿ. ಕಾಗದ ಇಲ್ಲವೆಂದರೆ ತಳಿಯ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ.

ಕೊಳ್ಳುವವರಿಗೆ ಇನ್ನೊಂದು ಮಾತು. ಚುಕ್ಕೆಯ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದಿದ್ದರೆ ಹುಟ್ಟಿನಿಂದಲೇ ಇರುಳುಗುರುಡು ಇರುತ್ತದೆ. ಮೈ ಹೆಚ್ಚುಕಮ್ಮಿ ಬಿಳಿಯಾಗಿದ್ದು ಅಲ್ಲೊಂದು ಇಲ್ಲೊಂದು ಚುಕ್ಕೆಯಿದ್ದರೆ ಈ ಅನುಮಾನ ಇರಲಿ. ಜೀನ್ ಪರೀಕ್ಷೆ ಮಾಡಿಸಿ, ಇಲ್ಲವೇ ಕತ್ತಲಾದ ಮೇಲೆ ಹಗ್ಗ ಹಿಡಿದು ಗೊತ್ತಿಲ್ಲದ ಜಾಗದಲ್ಲಿ ನಡೆಸಿ ನೋಡಿ.