ಅವರೆಕಾಯಿ ಗುಂಪು: ನನ್ನ ಅನುಭವ

ನಾನು ಕೋಲಾರದಲ್ಲಿ ಅಕ್ಯುಪೇಷನಲ್ ಥೆರಪಿಸ್ಟ್. ಓಟಿ ಅಂದರೆ ಸಾಕು, ಜನ ಆಪರೇಷನ್ ಥಿಯೇಟರ್ ಅಂದುಕೊಂಡು ಹೆದರುತ್ತಾರೆ. ಲಕ್ವ ಹೊಡೆದವರು ಮತ್ತೆ ಅಂಗಿ ಗುಂಡಿ ಹಾಕಿಕೊಳ್ಳೋದು, ಉಣ್ಣೋದು, ಕೆಲಸಕ್ಕೆ ಹೋಗೋದು ಹೇಗೆ ಅಂತ ನೋಡೋದು ನಮ್ಮ ಕೆಲಸ. ಇಷ್ಟು ಬಿಡಿಸಿ ಹೇಳಿದ ಮೇಲೂ ಬರುವ ಪ್ರಶ್ನೆ ಒಂದೇ: "ಕರೆಂಟ್ ಕೊಡಲ್ವಾ ಮೇಡಂ?"

ಬುಧವಾರ ಬುಧವಾರ ಆರು ಜನರನ್ನು ಒಟ್ಟಿಗೆ ಕೂರಿಸಿ ಒಂದು ಗಂಟೆಯ ಗುಂಪು ನಡೆಸುತ್ತೇನೆ. ಮೊದಮೊದಲು ಓದಿದ್ದನ್ನು ಓದಿದ ಹಾಗೇ ಮಾಡಿದೆ. ಪರಿಚಯ, ಆಮೇಲೆ ಒಂದು ಚಟುವಟಿಕೆ, ಆಮೇಲೆ ಅನಿಸಿದ್ದನ್ನು ಹಂಚಿಕೊಳ್ಳೋದು, ಹೀಗೆ ಏಳು ಹಂತ. ಚಟುವಟಿಕೆ ಅಂದರೆ ಕೋನ್ ಜೋಡಿಸೋದು, ತೂತಿನ ಹಲಗೆಗೆ ಪೆಗ್ ಚುಚ್ಚೋದು. ಮುಗಿದ ಮೇಲೆ "ಹೇಗನ್ನಿಸ್ತು?" ಅಂತ ಕೇಳಿದರೆ ಆರೂ ಜನ "ಚೆನ್ನಾಗಿದೆ ಮೇಡಂ" ಅಂದು ಬಾಗಿಲ ಕಡೆ ನೋಡೋರು. ನಮ್ಮ ವಿಷಯದ ಪುಸ್ತಕ ಬರೆದ ಆನ್ ಮೋಸೀ ಗುಂಪುಗಳಲ್ಲಿ ಐದು ಮಟ್ಟ ಇದೆ ಅನ್ನುತ್ತಾರೆ. ಪಕ್ಕ ಪಕ್ಕ ಕೂತು ಅವರವರ ಕೆಲಸ ಅವರವರು ಮಾಡಿಕೊಳ್ಳೋದು ಮೊದಲನೆಯ ಮಟ್ಟ. ನಮ್ಮ ಗುಂಪು ತಿಂಗಳುಗಟ್ಟಲೆ ಅಲ್ಲೇ ಕೂತಿತ್ತು. ಬಸ್ ಸ್ಟ್ಯಾಂಡಲ್ಲಿ ಕಾಯುವವರ ಹಾಗೆ.

ಡಿಸೆಂಬರ್ ಬಂತು. ಊರೆಲ್ಲ ಅವರೆಕಾಯಿ. ಒಂದು ಬುಧವಾರ ಬೆಳಿಗ್ಗೆ ಮಾರ್ಕೆಟ್ಟಿನಿಂದ ಮೂರು ಕೆಜಿ ಕಾಯಿ ತಂದೆ. ಹಿಂದಿನ ರಾತ್ರಿ ನೆನೆಹಾಕಿದ್ದ ಕಾಳನ್ನೂ ಮನೆಯಿಂದ ಒಂದು ಡಬ್ಬಿ ತಂದಿದ್ದೆ.

ನಮ್ಮ ಕಣ್ಣಿನಲ್ಲಿ ಈ ಕೆಲಸ ಚಿನ್ನ. ಕಾಯಿ ಬಿಡಿಸಲು ಎರಡೂ ಕೈ ಬೇಕು. ಬಲ ಇಲ್ಲದ ಕೈ ಸುಮ್ನೆ ಕಾಯಿ ಹಿಡಿದುಕೊಂಡರೂ ಸಾಕು, ಇನ್ನೊಂದು ತುದಿ ಮುರಿದು ನಾರು ಎಳೆಯುತ್ತದೆ. ನೆನೆದ ಕಾಳು ಹಿತುಕೋದು ಅದಕ್ಕಿಂತ ನಾಜೂಕು. ಹೆಬ್ಬೆರಳು ತೋರುಬೆರಳಿನ ಮಧ್ಯೆ ಕಾಳು ಇಟ್ಟು ಒತ್ತಬೇಕು. ಕಡಿಮೆ ಒತ್ತಿದರೆ ಸಿಪ್ಪೆ ಬಿಡಲ್ಲ, ಜಾಸ್ತಿ ಒತ್ತಿದರೆ ಬೇಳೆ ಎದುರಿನವರ ಮುಖಕ್ಕೆ! ಯಾರಿಗೆ ಕಾಯಿ, ಯಾರಿಗೆ ಕಾಳು ಅಂತ ಮೊದಲೇ ಲೆಕ್ಕ ಹಾಕಿದ್ದೆ. ಬಟ್ಟಲು ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿದೆ. ಜೊತೆಗೆ ಬಂದವರನ್ನೆಲ್ಲ ಹೊರಗೆ ಕೂರಿಸಿದೆ. ಇಲ್ಲದಿದ್ದರೆ ಕೆಲಸವೂ ಅವರದೇ, ಮಾತೂ ಅವರದೇ.

ಹತ್ತು ನಿಮಿಷದಲ್ಲಿ ಕೋಣೆ ತುಂಬ ಸೊಗಡಿನ ವಾಸನೆ. "ಈ ಸಲ ಸೊಗಡೇ ಕಮ್ಮಿ" ಅಂದರು ಒಬ್ಬರು. "ಎಷ್ಟಕ್ಕೆ ತಂದ್ರಿ?" ಅಂದರು ಇನ್ನೊಬ್ಬರು. ರೇಟು ಕೇಳಿ ಎಲ್ಲರೂ ಸೇರಿ ನನ್ನನ್ನು ಬೈದರು. ಅಷ್ಟು ತಿಂಗಳಲ್ಲಿ ಆರು ಜನ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ನಮ್ಮ ಕಡೆಯವರನ್ನು ದುಂಡಗೆ ಕೂರಿಸಿ ಮನಸ್ಸಿನ ಮಾತು ಹೇಳಿ ಅಂದರೆ ಯಾರೂ ಬಾಯಿ ಬಿಡಲ್ಲ. ಕೈಗೆ ಕೆಲಸ ಇದ್ದರೆ ಮಾತು ತಾನಾಗೇ ಬರುತ್ತೆ. ಅಂದಿನಿಂದ ಹಂಚಿಕೊಳ್ಳುವ ಹಂತ ಅಂತ ಬೇರೆ ಇಟ್ಟಿಲ್ಲ.

ಆದರೆ ಒಬ್ಬರು ಕಾಳು ಮುಟ್ಟಲಿಲ್ಲ. ಐವತ್ತು ದಾಟಿದವರು, ಟೊಮೆಟೊ ಮಂಡಿಯಲ್ಲಿ ವ್ಯಾಪಾರ. ಎಡಗಡೆ ಲಕ್ವ. ಬೆರಳುಗಳಲ್ಲಿ ಬಲ ಚೆನ್ನಾಗೇ ವಾಪಸ್ ಬಂದಿತ್ತು. ಎಡಗೈಯನ್ನು ಟವೆಲ್ ಕೆಳಗೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು.

ನನ್ನ ತಲೆ ಓಡಿದ್ದು ಹೀಗೆ. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಎಡಗಡೆ ಅನ್ನೋದೇ ಗಮನಕ್ಕೆ ಬರಲ್ಲ. ಇವರದೂ ಅದೇ ಇರಬಹುದು. ಬಟ್ಟಲನ್ನು ಎಡಕ್ಕೆ ಸರಿಸಿ "ಅಣ್ಣಾ, ಈ ಕಡೆ ನೋಡಿ" ಅಂದೆ. ನೋಡಿದರು. ಮುಟ್ಟಲಿಲ್ಲ. ಹಾಗಾದರೆ ಅವರೆ ಬಿಡಿಸೋದು ಹೆಂಗಸರ ಕೆಲಸ ಅಂತ ನಾಚಿಕೆ ಇರಬೇಕು ಅಂದುಕೊಂಡೆ. ಎರಡಕ್ಕೂ ನನ್ನ ಹತ್ತಿರ ಆಧಾರ ಇರಲಿಲ್ಲ. ಅವರ ಫೈಲಿನಲ್ಲಿ "ಆಸಕ್ತಿ ಕಡಿಮೆ" ಅಂತ ಬರೆದೆ. ಈಗ ಆ ಸಾಲು ನೋಡಿದರೆ ಮುಜುಗರ ಆಗುತ್ತೆ. ಪೇಷಂಟ್ ನಮ್ಮ ಪ್ಲಾನಿಗೆ ಬಗ್ಗದಿದ್ದಾಗ ನಾವು ಬರೆಯುವ ಸಾಲು ಅದು.

ಮುಂದಿನ ವಾರ ಅವರ ಎದುರಿಗೆ ಮುಳಬಾಗಿಲು ಕಡೆಯ ಒಬ್ಬ ಅಜ್ಜಿ ಕೂತಿದ್ದರು. ಅವರಿಗೆ ಬಲಗೈ ಜೋಮು. ಕಾಳು ಹಿತುಕುತ್ತಲೇ ತಲೆ ಎತ್ತದೆ ಅಂದರು: "ನಂಗೂ ಗೊತ್ತಾಗಲ್ಲ ಕಣಪ್ಪಾ. ಕೈಯಲ್ಲಿ ಕಾಳು ಐತೋ ಇಲ್ವೋ ದೇವ್ರಿಗೇ ಗೊತ್ತು. ಕಣ್ಣಲ್ಲಿ ನೋಡ್ಕೊಂಡು ಒತ್ತು. ಕಣ್ಣು ಆ ಕಡೆ ಹೋದ್ರೆ ಕಾಳು ಹೋಯ್ತು."

ಮಂಡಿಯವರು ಟವೆಲ್ ತೆಗೆದರು. ಎಡಗೈ ಮೇಲೆ ಒಂದು ಸುಟ್ಟ ಕಲೆ. ಅದನ್ನು ಹಿಂದಿನ ವಾರವೇ ನೋಡಿದ್ದೆ, ಏನಾಯಿತು ಅಂತ ಕೇಳಿರಲಿಲ್ಲ. "ಟೀ ಲೋಟ ಹಿಡ್ಕೊಂಡಿದೀನಾ ಬಿಟ್ಟಿದೀನಾ ಗೊತ್ತಾಗಲ್ಲ ಅಮ್ಮಾ" ಅಂದರು. ನನ್ನ ಕಡೆ ಅಲ್ಲ, ಅಜ್ಜಿ ಕಡೆ ತಿರುಗಿ.

ಗುಂಪು ಮುಗಿದ ಮೇಲೆ ಅವರೊಬ್ಬರನ್ನೇ ಕೂರಿಸಿಕೊಂಡೆ. ಕಣ್ಣು ಮುಚ್ಚಿಸಿ ಎಡಗೈಗೆ ಬೀಗದ ಕೈ ಇಟ್ಟೆ. ಬಹಳ ಹೊತ್ತು ಹೊರಳಿಸಿದರು. "ಏನೋ ಐತೆ." ನಾಣ್ಯ ಇಟ್ಟೆ. "ಏನೋ ಐತೆ." ಅವರೆಕಾಳು ಇಟ್ಟೆ. ಅದು ಬಿದ್ದು ಉರುಳಿ ಹೋದ ಮೇಲೂ ಬೆರಳು ಹಿಡಿದ ಹಾಗೇ ಇತ್ತು. ಬಲಗೈಗೆ ಇಟ್ಟಾಗ ಮೂರನ್ನೂ ತಕ್ಷಣ ಹೇಳಿದರು. ಮೊದಲ ದಿನ ನಾನು ಹತ್ತಿ ಸವರಿ "ಗೊತ್ತಾಗುತ್ತಾ?" ಅಂತ ಕೇಳಿದ್ದೆ, ಗೊತ್ತಾಗುತ್ತೆ ಅಂದಿದ್ದರು, ಸ್ಪರ್ಶ ಸರಿ ಇದೆ ಅಂತ ಬರೆದುಬಿಟ್ಟಿದ್ದೆ. ಮುಟ್ಟಿದ್ದು ಗೊತ್ತಾಗೋದು ಬೇರೆ, ಮುಟ್ಟಿ ಗುರುತಿಸೋದು ಬೇರೆ. ಎರಡನೆಯದನ್ನು ನಾನು ಪರೀಕ್ಷೆ ಮಾಡಿರಲೇ ಇಲ್ಲ.

ಇನ್ನೊಂದು ಮಾತೂ ಆಗ ಹೊರಬಂತು. ಅವರು ಎಡಚರು. ಮಂಡಿಯಲ್ಲಿ 15 ಕೆಜಿ ಬಾಕ್ಸಿನೊಳಗೆ ಎಡಗೈ ಹಾಕಿ, ಅಡಿಯ ಹಣ್ಣು ಮೆತ್ತಗಿದೆಯೋ ಗಟ್ಟಿ ಇದೆಯೋ ನೋಡದೆ ಹೇಳುತ್ತಿದ್ದವರು. ಅಂಥ ಕೈಯನ್ನು ಐದು ಜನರ ಮುಂದೆ ಕಾಳು ಬೀಳಿಸಲು ಹೊರಗೆ ತೆಗೆಯಬೇಕಿತ್ತು.

ಕ್ಲಿನಿಕಲ್ ರೀಸನಿಂಗ್, ಅಂದರೆ ಪೇಷಂಟ್ ಬಗ್ಗೆ ಥೆರಪಿಸ್ಟ್ ಯೋಚಿಸುವ ರೀತಿ, ಅದರ ಬಗ್ಗೆ 1991ರಲ್ಲಿ ಬರೆದ ಮಾರೀನ್ ಫ್ಲೆಮಿಂಗ್ ಥೆರಪಿಸ್ಟ್ ತಲೆಯಲ್ಲಿ ಮೂರು ದಾರಿ ಅಂದಿದ್ದರು: ಕಾಯಿಲೆಗೆ ಏನು ಮಾಡಬೇಕು, ಈ ಮನುಷ್ಯ ಯಾರು, ಇವರ ಬದುಕು ಮುಂದೆ ಹೇಗಿರಬಹುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅವರೆಕಾಯಿಯ ಮೊದಲ ಬುಧವಾರ ನಾನು ಮೊದಲನೆಯ ದಾರಿಯಲ್ಲೇ ಓಡಿದ್ದೆ, ಅದರಲ್ಲೂ ಒಂದು ಪರೀಕ್ಷೆ ಬಿಟ್ಟು.

ಪ್ಲಾನ್ ಬದಲಾಯಿತು. ಮನೆಗೆ ಒಂದು ಡಬ್ಬಿ ಕೊಟ್ಟೆ. ಅಕ್ಕಿಯೊಳಗೆ ಗುಂಡಿ, ಬೋಲ್ಟು, ಕಡಲೆಕಾಯಿ. ಕಣ್ಣು ಮುಚ್ಚಿ ಹುಡುಕಬೇಕು, ಆಮೇಲೆ ಕಣ್ಣು ಬಿಟ್ಟು ನೋಡಿ, ಬಲಗೈಯಲ್ಲಿ ಹಿಡಿದು ಹೋಲಿಸಬೇಕು. ಬಿಸಿ ಲೋಟ ಬಲಗೈಯಲ್ಲೇ. ಗುಂಪಿನಲ್ಲಿ ಅಜ್ಜಿಗೂ ಅವರಿಗೂ ಸೇರಿ ಒಂದೇ ಬಟ್ಟಲು. ಆ ಬಟ್ಟಲಿನ ಹತ್ತಿರ ನಾನು ಜಾಸ್ತಿ ಹೋಗುತ್ತಿರಲಿಲ್ಲ. ಅಜ್ಜಿ ಸುಮ್ಮನೆ "ಕಣ್ಣು, ಕಣ್ಣು" ಅನ್ನೋರು.

ಸಂಕ್ರಾಂತಿ ಕಳೆದು ಕಾಯಿ ಬಲಿಯಿತು, ಗುಂಪಿನಲ್ಲಿ ಕಡಲೆಕಾಯಿ ಸುಲಿಯಲು ಶುರು ಮಾಡಿದೆವು. ಅವರ ಎಡಗೈ ಈಗ ಬೀಗದ ಕೈ ಗುರುತಿಸುತ್ತೆ, ನಾಣ್ಯದಲ್ಲಿ ಒಂದು ರೂಪಾಯಿ ಯಾವುದು, ಎರಡು ಯಾವುದು ಅಂತ ಗೊತ್ತಾಗಲ್ಲ. ವಾರಕ್ಕೆ ಮೂರು ದಿನ ಮಂಡಿಗೆ ಹೋಗುತ್ತಾರೆ. ಬಾಕ್ಸಿನೊಳಗೆ ಬಲಗೈ ಹಾಕುತ್ತಾರಂತೆ. "ಅದು ಇನ್ನೂ ಹೊಸಬ ಅಮ್ಮಾ, ಹಣ್ಣು ಗೊತ್ತಾಗಲ್ಲ ಅದಕ್ಕೆ" ಅಂದರು ಹೋದ ವಾರ.