ಠಾಣೆಗೆ ಬೇಡ, ನೇರ ಆಸ್ಪತ್ರೆಗೆ

ತಾಲ್ಲೂಕು ಠಾಣೆಯೊಂದರಲ್ಲಿ ಪಿಎಸ್‌ಐ ಆಗಿದ್ದಾಗ ನಮ್ಮ ಸಿಬ್ಬಂದಿಗೆ ಒಂದು ಮಾತು ಹೇಳಿಟ್ಟಿದ್ದೆ. ತಲೆ ಕೆಟ್ಟವನೊಬ್ಬ ಗಲಾಟೆ ಮಾಡ್ತಿದ್ದಾನೆ ಅಂತ 112ರಿಂದ ಕರೆ ಬಂದರೆ, ಆ ವ್ಯಕ್ತಿಯನ್ನು ಠಾಣೆಗೆ ತರಬೇಡಿ, ಅಲ್ಲಿಂದಲೇ ಆಸ್ಪತ್ರೆಗೆ ಹೋಗಿ. ಠಾಣೆಯಲ್ಲಿ ಇರುವುದು ಒಂದು ಬೆಂಚು, ಒಂದು ಲಾಕಪ್. ಬೆಂಚಿನ ಮೇಲೆ ಕೂರದವರು ಎಲ್ಲಿಗೆ ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 100ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಇಂಥವರನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ನಾವು ಮಾಡುತ್ತಿರುವುದು ಅರೆಸ್ಟ್ ಅಲ್ಲ, ರಕ್ಷಣೆಗೆ ತೆಗೆದುಕೊಳ್ಳುವುದು. ಯಾಕೆ ಕರೆದೊಯ್ಯುತ್ತಿದ್ದೇವೆ ಅಂತ ಅವರಿಗೂ ಹೇಳಬೇಕು. ಆದಷ್ಟು ಬೇಗ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು, ಏನೇ ಆದರೂ 24 ಗಂಟೆ ಮೀರಬಾರದು. ನಮ್ಮವರು ಈ 24 ಗಂಟೆಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ, 'ಆದಷ್ಟು ಬೇಗ' ಮರೆತೇಹೋಗುತ್ತದೆ.

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾತ ಕಲ್ಲು ಹಿಡಿದು ನಿಂತಿದ್ದ. ಮೈಮೇಲೆ ಎರಡು ಶರ್ಟು, ಬರಿಗಾಲು. ಒಂದು ಬಸ್ಸಿನ ಗಾಜು ಆಗಲೇ ಒಡೆದಿತ್ತು. ಸುತ್ತ ಜನ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಮೊದಲು ಜೀಪಿನ ಸೈರನ್ ನಿಲ್ಲಿಸಿದೆವು. ಇಬ್ಬರು ಕಾನ್‌ಸ್ಟೆಬಲ್‌ಗಳು ಜನರನ್ನು ಹಿಂದಕ್ಕೆ ಸರಿಸಿದರು. ಮಾತಾಡುವುದು ಒಬ್ಬರೇ ಆಗಿರಬೇಕು, ಅವತ್ತು ನಾನು ಮಾತಾಡಿದೆ. ಟೋಪಿ ತೆಗೆದು, ಕಲ್ಲು ಎಸೆದರೂ ತಪ್ಪಿಸಿಕೊಳ್ಳುವಷ್ಟು ದೂರದಲ್ಲಿ ನಿಂತೆ.

"ಏನಣ್ಣ, ಕಾಲು ಸುಡ್ತಿಲ್ವಾ? ನೆರಳಿಗೆ ಬನ್ನಿ."

"ಇವರೆಲ್ಲ ಫೋನಲ್ಲಿ ನನ್ನ ತಲೆ ಒಳಗಿರೋದನ್ನ ಕೇಳಿಸ್ಕೊಳ್ತಿದ್ದಾರೆ."

ಇಲ್ಲಿ ವಾದಕ್ಕೆ ಇಳಿಯಬಾರದು, ಹೂಂಗುಟ್ಟಲೂ ಬಾರದು. "ನನಗೆ ಹಾಗೆ ಅನ್ನಿಸ್ತಿಲ್ಲ. ಆದ್ರೆ ನಿಮಗೆ ಭಯ ಆಗಿದೆ ಅಂತ ಕಾಣ್ತಿದೆ" ಅಂದೆ. ಫೋನುಗಳನ್ನೆಲ್ಲ ಜೇಬಿಗೆ ಹಾಕಿಸಿದೆವು. ಆಮೇಲೂ ತುಂಬಾ ಹೊತ್ತು ಆತ ಕಲ್ಲು ಬಿಡಲಿಲ್ಲ. ಕಾಯೋದೇ ಇದರಲ್ಲಿ ದೊಡ್ಡ ಕೆಲಸ. ಒಂದು ಲೋಟ ಟೀ ಕೊಟ್ಟಾಗ, ಅದನ್ನು ಹಿಡಿಯಲು ಕಲ್ಲನ್ನು ಕೆಳಗಿಟ್ಟ.

ನಿಜವಾದ ಜಟಾಪಟಿ ಆಸ್ಪತ್ರೆಯಲ್ಲಿ. "ಇಲ್ಲಿ ಸೈಕಿಯಾಟ್ರಿಸ್ಟ್ ಇಲ್ಲ, ನಿಮ್ಹಾನ್ಸ್‌ಗೆ ಒಯ್ಯಿರಿ. ಕೋರ್ಟ್ ಆರ್ಡರ್ ಎಲ್ಲಿದೆ?" ಎಂದರು ಡ್ಯೂಟಿ ಡಾಕ್ಟರು. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು 1987ರ ಹಳೇ ಕಾಯ್ದೆಯ ಪದ್ಧತಿ. 2018ರ ಮೇ 29ರಿಂದ ಹೊಸ ಕಾಯ್ದೆ ಜಾರಿಯಲ್ಲಿದೆ, ಆದರೂ ಈ ಪ್ರಶ್ನೆ ಹೋಗಿಲ್ಲ. ಕಾಯ್ದೆ ಕೇಳುವುದು ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು. ಅದು ಮಾನಸಿಕ ಆಸ್ಪತ್ರೆಯೇ ಆಗಬೇಕಿಲ್ಲ. ತುರ್ತು ಇದ್ದರೆ ಯಾವುದೇ ನೋಂದಾಯಿತ ವೈದ್ಯರು 72 ಗಂಟೆವರೆಗೆ ಚಿಕಿತ್ಸೆ ಕೊಡಬಹುದು ಎನ್ನುತ್ತದೆ 94ನೇ ಸೆಕ್ಷನ್.

ಅದಕ್ಕೇ ನಾನು ಬಾಯಿಮಾತಿಗಿಂತ ಮೆಮೊ, ಅಂದರೆ ಠಾಣೆಯಿಂದ ಆಸ್ಪತ್ರೆಗೆ ಬರೆದುಕೊಡುವ ಪತ್ರ, ನಂಬುತ್ತಿದ್ದೆ. ಅದರಲ್ಲಿ 'ಹುಚ್ಚ' ಅಂತ ಬರೆಯುವುದಿಲ್ಲ, ರೋಗದ ಹೆಸರನ್ನೂ ಬರೆಯುವುದಿಲ್ಲ. ಅದು ಡಾಕ್ಟರ ಕೆಲಸ. ಕಂಡಿದ್ದು, ಕೇಳಿದ್ದು, ರಕ್ಷಣೆಗೆ ತೆಗೆದುಕೊಂಡ ಸಮಯ, ಸೆಕ್ಷನ್ ನಂಬರು, ಇಷ್ಟೇ. ತಪಾಸಣೆಗೆ ಒಪ್ಪದಿದ್ದರೆ ಕಾರಣವನ್ನು ಇದರ ಮೇಲೇ ಬರೆದುಕೊಡಿ ಅಂದೆ. ಡಾಕ್ಟರು ಬರೆದುಕೊಡಲಿಲ್ಲ, ಒಳಗೆ ಕರೆದರು.

ಗಾಜು ಒಡೆದಿದ್ದಕ್ಕೆ ಕೇಸ್ ಯಾಕಿಲ್ಲ ಅಂತ ಬಸ್ಸಿನವರು ಕೇಳಿದರು. ದೂರು ಕೊಟ್ಟರೆ ದಾಖಲಿಸುತ್ತೇವೆ ಅಂದೆ. ತನ್ನ ಕೃತ್ಯ ಏನೆಂದು ತಿಳಿಯದ ಸ್ಥಿತಿಯಲ್ಲಿ ಮಾಡಿದ್ದು ಅಪರಾಧವಾಗದು ಎಂಬ ಮಾತು ಹಿಂದೆ ಐಪಿಸಿ 84ರಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 22ರಲ್ಲಿದೆ. ಅದನ್ನು ತೀರ್ಮಾನಿಸುವುದು ಕೋರ್ಟು. ಚಿಕಿತ್ಸೆ ಅಲ್ಲಿಯವರೆಗೆ ಕಾಯಬೇಕಿಲ್ಲ.

ಮನೆ ಬಿಟ್ಟು ಅಲೆಯುತ್ತಿರುವವರಾದರೆ ಕಾಣೆಯಾದವರ ಎಫ್‌ಐಆರ್ ಮಾಡಿ, ಮನೆಯವರನ್ನು ಹುಡುಕುವುದೂ ಠಾಣೆಯ ಕರ್ತವ್ಯ. ಅಡ್ಮಿಟ್ ಬೇಡ ಅಂತ ಡಾಕ್ಟರು ಹೇಳಿದರೆ ಮನೆಗೆ ಬಿಟ್ಟು ಬರುವುದೂ ನಮ್ಮದೇ. ಮನೆಯಿಲ್ಲದವರಾದರೆ ಸರ್ಕಾರಿ ನಿರಾಶ್ರಿತರ ಕೇಂದ್ರಕ್ಕೆ. ಈ ಓಡಾಟಕ್ಕೆ ಡೀಸೆಲ್ ಯಾಕೆ ಅಂತ ಮೇಲಿನವರು ಕೇಳುವುದುಂಟು. ಜೀಪಿನ ಲಾಗ್‌ಬುಕ್ಕಿನಲ್ಲಿ 'ಸೆಕ್ಷನ್ 100ರ ಕರ್ತವ್ಯ' ಅಂತ ಬರೆಸಲು ಶುರು ಮಾಡಿದ ಮೇಲೆ ಆ ಪ್ರಶ್ನೆ ಕಡಿಮೆಯಾಯಿತು.